ಜೇಡಿಶಿಲೆಯ ಎರವಲು ಬಲ

ಜೇಡಿಶಿಲೆಯ ಬಲವನ್ನು ಒಂದೇ ಅಂಕಿಯಲ್ಲಿ ಹೇಳಿ ಮುಗಿಸಲಾಗದು ಎಂಬುದು ಅದರೊಡನೆ ವರ್ಷಗಟ್ಟಲೆ ಒಡನಾಡಿದ ಪ್ರಯೋಗಕಾರರಿಗೆ ಹೆಚ್ಚಾಗಿ ಕೆಟ್ಟುಹೋದ ಮಾದರಿಗಳಿಂದಲೇ ಮನವರಿಕೆಯಾದ ಸಂಗತಿ. ಗ್ರಾನೈಟಿನ ತುಂಡು ತಿಂಗಳುಗಟ್ಟಲೆ ಕಪಾಟಿನಲ್ಲಿದ್ದರೂ ಬಹುಮಟ್ಟಿಗೆ ಗ್ರಾನೈಟಾಗಿಯೇ ಉಳಿಯುತ್ತದೆ. ಆದರೆ ಸಮುದ್ರತಳದ ನುಣುಪು ಕೆಸರು ಮೇಲಿನ ಪದರಗಳ ಭಾರಕ್ಕೆ ಅದುಮಿಹೋಗಿ ಗಟ್ಟಿಗೊಂಡು ರೂಪುಗೊಂಡ ಜೇಡಿಶಿಲೆ, ಭೂಗರ್ಭದಿಂದ ಹೊರಬಂದ ಕೆಲವೇ ಗಂಟೆಗಳಲ್ಲಿ ನೀರು ಕಳೆದುಕೊಳ್ಳುತ್ತ ತನ್ನ ಗುಣವನ್ನು ಬದಲಿಸತೊಡಗುತ್ತದೆ. ಇಂಥ ಶಿಲೆಯೊಳಗೆ ಪರಮಾಣು ತ್ಯಾಜ್ಯವನ್ನು ಸುರಕ್ಷಿತವಾಗಿ ಹುಗಿಯಬಹುದೇ ಎಂದು ಅರಿಯಲು ಸ್ವಿಟ್ಜರ್ಲೆಂಡಿನ ಸೇಂ ಉರ್ಸಾನ್ ಬಳಿಯ ಹೆದ್ದಾರಿ ಸುರಂಗಕ್ಕೆ ಹೊಂದಿಕೊಂಡ ಮೋಂ ತೆರ್ರಿ ಪ್ರಯೋಗಾಲಯದಲ್ಲಿ 1996ರಿಂದಲೂ, ಫ್ರಾನ್ಸಿನ ಬ್ಯೂರ್‌ನಲ್ಲಿ ಸುಮಾರು 490 ಮೀಟರ್ ಆಳದ ಪ್ರಯೋಗಾಲಯದಲ್ಲಿಯೂ ನಡೆದಿರುವ ಕೆಲಸವೇ ಈ ಅರಿವಿನ ಬಹುಪಾಲನ್ನು ಒದಗಿಸಿದೆ.

ಈ ಶಿಲೆಯ ರಂಧ್ರಗಳು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟು ಸೂಕ್ಷ್ಮವಾಗಿರುವುದರಿಂದ, ಸುತ್ತಲಿನ ಗಾಳಿ ಒಣಗಿದಂತೆಲ್ಲ ಒಳಗೆ ಉಳಿದ ನೀರು ರಂಧ್ರದ ಗೋಡೆಗಳನ್ನು ಒಂದರತ್ತ ಇನ್ನೊಂದನ್ನು ಸೆಳೆಯುತ್ತದೆ. ಹೀರುಬಲವೆಂದು ಕರೆಯಬಹುದಾದ ಈ ಸೆಳೆತವನ್ನು ಗಾಳಿಯ ಸಾಪೇಕ್ಷ ಆರ್ದ್ರತೆಯಿಂದ, ಅಂದರೆ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಆವಿಯಲ್ಲಿ ವಾಸ್ತವವಾಗಿ ಇರುವ ಪಾಲಿನಿಂದ, ಲೆಕ್ಕಹಾಕಬಹುದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರ್ದ್ರತೆ ಶೇ. 98 ಇದ್ದರೆ ಹೀರುಬಲ ಸುಮಾರು 2.7 ಮೆಗಾಪಾಸ್ಕಲ್, ಶೇ. 90ಕ್ಕೆ ಇಳಿದರೆ ಸುಮಾರು 14, ಸಾಮಾನ್ಯ ಕೋಣೆಯ ಶೇ. 50ರಲ್ಲಿ ಸುಮಾರು 94. ಬ್ಯೂರ್‌ನಲ್ಲಿ ಅರ್ಧ ಕಿಲೋಮೀಟರ್ ದಪ್ಪದ ನೆಲ ಹೇರುವ ಲಂಬ ಒತ್ತಡವೇ ಸುಮಾರು 12 ಮೆಗಾಪಾಸ್ಕಲ್ ಎಂಬುದನ್ನು ನೆನೆದರೆ, ಮೇಜಿನ ಮೇಲೆ ನಿರುಪದ್ರವಿಯಂತೆ ಬಿದ್ದಿರುವ ಮಾದರಿ ಎಂಥ ಸೆಳೆತಕ್ಕೆ ಸಿಕ್ಕಿದೆಯೆಂಬುದು ಹೊಳೆಯುತ್ತದೆ. ನೀರು ಖಾಲಿಯಾದ ರಂಧ್ರಗಳಲ್ಲಿ ಅದು ಕೆಲಸ ಮಾಡದ ಕಾರಣ ಈ ಹೀರುಬಲವೆಲ್ಲವೂ ಕಣಗಳ ಮೇಲಿನ ಒತ್ತಡವಾಗಿ ಪರಿಣಮಿಸುವುದಿಲ್ಲವಾದರೂ, ಉಳಿದಷ್ಟೇ ಸಾಕಷ್ಟಾಗುತ್ತದೆ.

ಅನುಭವವಿಲ್ಲದವರು ಮೋಸಹೋಗುವುದು ಇಲ್ಲಿಯೇ. ಒಣಗಿದ ಮಾದರಿ ಹೆಚ್ಚು ಬಿರುಸಾಗಿ, ಹೆಚ್ಚು ಭಾರ ತಡೆದು, ಕೊನೆಗೆ ಫಟ್ಟನೆ ಒಡೆಯುತ್ತದೆ; ಸುರಂಗದ ವಿನ್ಯಾಸಕಾರನಿಗೆ ಇದಕ್ಕಿಂತ ಹಿತವಾದ ಫಲಿತಾಂಶ ಬೇರಿಲ್ಲ, ಇದಕ್ಕಿಂತ ಅಪಾಯಕಾರಿಯಾದದ್ದೂ ಬೇರಿಲ್ಲ. ಆ ಬಲ ಹೀರುಬಲದಿಂದ ಎರವಲು ಬಂದದ್ದು, ನೀರು ಮರಳಿದೊಡನೆ ಅದೂ ಹೊರಟುಹೋಗುತ್ತದೆ. ಜೊತೆಗೆ ಒಣಗುವಿಕೆ ಒಳಗೊಳಗೇ ಹಾನಿಯನ್ನೂ ಮಾಡಿರುತ್ತದೆ: ಮಾದರಿಯ ಹೊರಮೈ ಮೊದಲು ಕುಗ್ಗುತ್ತದೆ, ತಿರುಳು ಹಾಗೆಯೇ ಇರುತ್ತದೆ, ಪದರಗಳಿಗೆ ಅಡ್ಡಲಾದ ದಿಕ್ಕಿನಲ್ಲಿ ಕುಗ್ಗುವಿಕೆ ಹೆಚ್ಚಿರುವುದರಿಂದ ಪದರಗುಂಟ ಸೀಳುಗಳು ಹುಟ್ಟುತ್ತವೆ. ಒಂದೇ ಕೊರೆಗಂಬದಿಂದ ಕತ್ತರಿಸಿದ ಎರಡು ತುಂಡುಗಳು ಪರಸ್ಪರ ಒಪ್ಪದ ಅಂಕಿಗಳನ್ನು ಕೊಟ್ಟಾಗ ಯಂತ್ರವನ್ನು ಶಂಕಿಸುವ ಮೊದಲು, ಅವು ಎಷ್ಟು ಹೊತ್ತು ಬಯಲಿನಲ್ಲಿದ್ದವೆಂದು ಕೇಳುವುದು ಹಳಬರ ರೂಢಿ.

ತೇವಗೊಳಿಸಿದರೆ ಶಿಲೆ ಹಿಂದಿನ ಸ್ಥಿತಿಗೆ ಮರಳೀತು ಎಂಬ ನಿರೀಕ್ಷೆಯೂ ಹುಸಿಯಾಗುತ್ತದೆ. ಒಣಗಿದ ತುಂಡನ್ನು ನೀರಿಗೆ ಹಾಕಿದಾಗ ನೀರು ಎಲ್ಲ ಕಡೆಯಿಂದ ನುಗ್ಗಿ ರಂಧ್ರದ ಗಾಳಿಯನ್ನು ಒಳಕ್ಕೆ ಅದುಮುತ್ತದೆ, ಜೇಡಿಯ ಹಾಳೆಗಳು ಉಬ್ಬುತ್ತವೆ, ಇದ್ದ ಸೀಳುಗಳು ಅಗಲವಾಗಿ ತುಂಡು ಕಣ್ಣೆದುರೇ ಪುಡಿಯಾಗಬಹುದು. ಜಾಲರಿಯ ಪೀಪಾಯಿಯಲ್ಲಿ ತುಂಡುಗಳನ್ನಿಟ್ಟು ನೀರಿನಲ್ಲಿ 10 ನಿಮಿಷಕ್ಕೆ 200 ಬಾರಿ ತಿರುಗಿಸುವ ಬಾಳಿಕೆ ಪರೀಕ್ಷೆಯಲ್ಲಿ, ಒಣಗಿಸಿ ತೋಯಿಸುವ ಎರಡನೆಯ ಸುತ್ತಿನ ಅಂಕಿಯನ್ನೇ ಸಾಮಾನ್ಯವಾಗಿ ಗಣಿಸುತ್ತಾರೆ. ಮೊದಲ ಸುತ್ತನ್ನು ಗೆದ್ದ ಶಿಲೆ ಎರಡನೆಯದರಲ್ಲಿ ಸೋಲುವುದು ಅಪರೂಪವಲ್ಲ. ಬೇಸಿಗೆಯಲ್ಲಿ ಬಿರಿದು ಮಳೆಗೆ ಮುಚ್ಚಿಕೊಳ್ಳುವ ಗದಗ, ಧಾರವಾಡ ಕಡೆಯ ಎರೆಹೊಲವನ್ನು ಬಲ್ಲವರಿಗೆ ಈ ಆಟ ಅರ್ಧ ಪರಿಚಿತ. ಆದರೆ ಹೊಲದ ಮಣ್ಣು ಮತ್ತೆ ಕಲೆತುಕೊಳ್ಳುತ್ತದೆ, ಶಿಲೆಯ ಕಣಗಳನ್ನು ಹಿಡಿದಿದ್ದ ಸುಣ್ಣದಂಶದ ಬೆಸುಗೆ ಮುರಿದರೆ ಅಷ್ಟು ಸುಲಭವಾಗಿ ಕೂಡುವುದಿಲ್ಲ.

ಒತ್ತಡದಡಿಯಲ್ಲಿ ನಿಧಾನವಾಗಿ ನೀರುಣಿಸಿದರೆ ಮಾತ್ರ ಕಥೆ ಬೇರೆಯಾಗುತ್ತದೆ: ಉಬ್ಬಲು ಜಾಗವಿಲ್ಲದ ಜೇಡಿ ಸೀಳಿನೊಳಕ್ಕೇ ಉಬ್ಬಿ ಅದನ್ನು ಬಹುಮಟ್ಟಿಗೆ ಮುಚ್ಚುತ್ತದೆ, ನೀರಿನ ಹರಿವು ಮತ್ತೆ ಕುಗ್ಗುತ್ತದೆ. ಆದರೆ ಬಯಲಿನಲ್ಲಿ ಒಣಗಿದ ಮಾದರಿಗೆ ಆ ಅವಕಾಶವಿಲ್ಲ; ಆದ್ದರಿಂದಲೇ ನೀರಿನ ಬದಲು ಗಾಳಿಯೂದಿ ಕೊರೆಯುವುದು, ಮಾದರಿಯನ್ನು ಆವಿ ದಾಟದಂತೆ ಸುತ್ತಿಡುವುದು, ಬೇಕಾದ ಆರ್ದ್ರತೆಗೆ ತಕ್ಕ ಉಪ್ಪಿನ ದ್ರಾವಣದೊಡನೆ ಮುಚ್ಚಿದ ಪಾತ್ರೆಯಲ್ಲಿಡುವುದು ಕ್ರಮೇಣ ಶಿಸ್ತಾಗಿ ನೆಲೆಗೊಂಡವು. ಅಡುಗೆ ಉಪ್ಪಿನ ಸಂತೃಪ್ತ ದ್ರಾವಣ ಸುಮಾರು ಶೇ. 75ರ ಆರ್ದ್ರತೆಯನ್ನೂ, ಪೊಟ್ಯಾಸಿಯಂ ಸಲ್ಫೇಟಿನದು ಸುಮಾರು ಶೇ. 97ರಷ್ಟನ್ನೂ ಕಾಯ್ದಿಡುತ್ತದೆ. ತೂಕ ಸ್ಥಿರವಾಗುವವರೆಗೆ ವಾರಗಟ್ಟಲೆ ಕಾಯುವುದು ಬೇಸರದ ಕೆಲಸ, ಆದರೂ ಆ ತೂಕದ ಪಟ್ಟಿಯಿಲ್ಲದ ಬಲದ ಅಂಕಿಯನ್ನು ನಂಬುವಂತಿಲ್ಲ.

ಮಾದರಿಗಳಲ್ಲಿ ಕಾಣುವ ಈ ಆಟ ನೆಲದಡಿಯ ಗೋಡೆಗಳಲ್ಲೂ ನಡೆಯುತ್ತದೆ. ದಕ್ಷಿಣ ಫ್ರಾನ್ಸಿನ ಟೂರ್ನಮೀರ್‌ನಲ್ಲಿ ಇಂಥದೇ ಶಿಲೆಯೊಳಗೆ 1880ರ ದಶಕದಲ್ಲಿ ಕೊರೆದ ರೈಲು ಸುರಂಗವೊಂದು ನಂತರ ಸಂಶೋಧನೆಯ ತಾಣವಾಯಿತು. ಚಳಿಗಾಲದಲ್ಲಿ ಹೊರಗಿನ ತಣ್ಣನೆಯ ಗಾಳಿ ಒಳಬಂದು ಬೆಚ್ಚಗಾದಂತೆ ಅದರ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ, ಬೇಸಿಗೆಯ ಬೆಚ್ಚನೆಯ ಗಾಳಿ ಒಳಗೆ ತಣ್ಣಗಾಗಿ ಆರ್ದ್ರಗೊಳ್ಳುತ್ತದೆ. ಸುರಂಗದಿಂದ ಕವಲೊಡೆದ ಗ್ಯಾಲರಿಗಳ ಬರಿಗೋಡೆಯಲ್ಲಿ ಬಹುತೇಕ ಅಡ್ಡವಾಗಿರುವ ಪದರಗಳಗುಂಟ ಬಿದ್ದ ಸೀಳುಗಳು ಇದಕ್ಕೆ ತಕ್ಕಂತೆಯೇ ಚಳಿಗಾಲದಲ್ಲಿ ಬಾಯಿಬಿಟ್ಟು, ಬೇಸಿಗೆ ಬಂದಾಗ ಮುಚ್ಚಿಕೊಳ್ಳುತ್ತವೆ.