ಅಧ್ಯಯನ ಪಾಠ: ಗ್ರಾಮದ ಹಳೆಯ ಛಾಯಾಚಿತ್ರಗಳಿಗೆ ಮಾಹಿತಿ ದಾಖಲಿಸುವ ಕ್ರಮ

ಪೀಠಿಕೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ನದಿತೀರದ ಗ್ರಾಮಗಳು 2005, 2019 ಮತ್ತು 2021ರಲ್ಲಿ ಪ್ರವಾಹವನ್ನು ಕಂಡಿವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು ಎಲ್ಲಿಯವರೆಗೆ ಬಂದಿತ್ತೆಂಬುದಕ್ಕೆ ಪಂಚಾಯಿತಿಯ ಕಪಾಟು, ಶಾಲೆ ಮತ್ತು ಮನೆಗಳಲ್ಲಿರುವ ಛಾಯಾಚಿತ್ರಗಳು ಸಾಕ್ಷಿ. ಅವುಗಳನ್ನು ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನೀರು ಯಾವ ವರ್ಷದ್ದು, ಗೋಡೆ ಯಾವ ಓಣಿಯದು ಎಂದು ಹೇಳಬಲ್ಲವರು ಬಹುಮಟ್ಟಿಗೆ ಹಿರಿಯರು. ಅವರ ಕಾಲಾನಂತರ ಚಿತ್ರ ಉಳಿದರೂ ಸಾಕ್ಷಿ ಉಳಿಯದು. ಅಂಗನವಾಡಿಗೆ ನಿವೇಶನ ಗುರುತಿಸುವಾಗ ತಪ್ಪು ವರ್ಷದ ಚಿತ್ರವನ್ನು ನಂಬಿದರೆ ಅದರ ಫಲವನ್ನು ಮಕ್ಕಳು ಉಣ್ಣಬೇಕಾಗುತ್ತದೆ.

ಮೆಟಾಡೇಟಾ ಎಂದರೇನು?

ಚಿತ್ರದ ಕುರಿತಾದ ಮಾಹಿತಿಯೇ ಮೆಟಾಡೇಟಾ. ಅದನ್ನು ಪ್ರತ್ಯೇಕ ವಹಿಯಲ್ಲಿ ಬರೆಯಬಹುದು. ಚಿತ್ರದ ಕಡತದೊಳಗೇ ಅಡಕಗೊಳಿಸಲೂಬಹುದು. ಎರಡೂ ಅಗತ್ಯ. ವಹಿ ಕಳೆದರೆ ಕಡತ ಮಾತನಾಡುತ್ತದೆ. ಕಡತ ಕೆಟ್ಟರೆ ವಹಿ ಉಳಿಯುತ್ತದೆ. ಕ್ಯಾಮೆರಾ ಮತ್ತು ಸ್ಕ್ಯಾನರುಗಳು ತಾವಾಗಿ ಬರೆಯುವ ಮಾಹಿತಿಗೆ ‘ಎಕ್ಸಿಫ್’ ಎಂದೂ, ಶೀರ್ಷಿಕೆ, ವಿವರಣೆ, ಛಾಯಾಗ್ರಾಹಕ, ಸ್ಥಳ ಮುಂತಾಗಿ ಮನುಷ್ಯರು ತುಂಬುವ ಅಂಕಣಗಳ ಮಾದರಿಗೆ ‘ಐಪಿಟಿಸಿ’ ಎಂದೂ ಹೆಸರು.

ದಿನಾಂಕದ ತೊಡಕು

2005ರ ಮುದ್ರಿತ ಚಿತ್ರವನ್ನು ಇಂದು ಸ್ಕ್ಯಾನ್ ಮಾಡಿದರೆ ಕಡತವು ಇಂದಿನ ದಿನಾಂಕವನ್ನೇ ತೋರಿಸುತ್ತದೆ. ಚಿತ್ರ ತೆಗೆದ ದಿನಾಂಕ ಹಾಗೂ ಡಿಜಿಟಲೀಕರಿಸಿದ ದಿನಾಂಕಗಳಿಗೆ ಎಕ್ಸಿಫ್‌ನಲ್ಲಿ ಬೇರೆ ಬೇರೆ ಅಂಕಣಗಳಿವೆ. ಎರಡನ್ನೂ ಪ್ರತ್ಯೇಕವಾಗಿ ಪರಿಶೀಲಿಸತಕ್ಕದ್ದು. ದಿನ ತಿಳಿಯದಿದ್ದಲ್ಲಿ ಕಲ್ಪಿತ ದಿನಾಂಕ ತುಂಬಕೂಡದು. ‘2005ರ ಮಳೆಗಾಲ, ಹಿರಿಯರ ಹೇಳಿಕೆಯಂತೆ’ ಎಂದು ವಿವರಣೆಯಲ್ಲಿ ಬರೆಯುವುದು ಪ್ರಾಮಾಣಿಕ ಕ್ರಮ.

ಸ್ಥಳದ ತೊಡಕು

ನಿಪ್ಪಾಣಿ ಮತ್ತು ಕಾಗವಾಡ 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದವು. ಆದ್ದರಿಂದ ಜುಗೂಳದ ಹಳೆಯ ಚಿತ್ರದ ಹಿಂಬದಿಯಲ್ಲಿ ‘ತಾ. ಅಥಣಿ’ ಎಂದಿದ್ದರೆ ಅದು ತಪ್ಪಲ್ಲ. ‘ಜುಗೂಳ, ತಾ. ಕಾಗವಾಡ (ಹಿಂದೆ ಅಥಣಿ)’ ಎಂದು ಎರಡನ್ನೂ ನಮೂದಿಸಬೇಕು. ಗಡಿಭಾಗದಲ್ಲಿ ಊರಿನ ಹೆಸರು ಕನ್ನಡ, ಮರಾಠಿಗಳಲ್ಲಿ ಭಿನ್ನವಾಗಿ ಬರೆಯಲ್ಪಡುವುದರಿಂದ ಗ್ರಾಮದ ಎಲ್‌ಜಿಡಿ ಸಂಕೇತ ಸಂಖ್ಯೆಯನ್ನೂ ಸೇರಿಸುವುದು ಕ್ಷೇಮ.

ಅನುಸರಿಸಬೇಕಾದ ಕ್ರಮ

1. ಚಿತ್ರದ ಮುಂಬದಿ, ಹಿಂಬದಿ ಎರಡನ್ನೂ ಸ್ಕ್ಯಾನ್ ಮಾಡುವುದು. ಹಿಂಬದಿಯ ಕೈಬರಹವೇ ಮೊದಲ ಆಧಾರ.
2. ಪ್ರತಿ ಚಿತ್ರಕ್ಕೂ ಒಂದೇ ಕ್ರಮಸಂಖ್ಯೆ ನೀಡಿ, ಅದನ್ನೇ ಕಡತದ ಹೆಸರಿಗೂ ವಹಿಗೂ ಬಳಸುವುದು.
3. ಏನು, ಎಲ್ಲಿ, ಯಾವಾಗ, ತೆಗೆದವರಾರು, ಮಾಹಿತಿ ನೀಡಿದವರಾರು ಎಂಬ ಐದು ಪ್ರಶ್ನೆಗಳಿಗೆ ಉತ್ತರ ಬರೆಯುವುದು.
4. ‘ಎಕ್ಸಿಫ್‌ಟೂಲ್’ನಂತಹ ಉಚಿತ ತಂತ್ರಾಂಶದಿಂದ ಅದನ್ನು ಕಡತದಲ್ಲಿ ಅಡಕಗೊಳಿಸಿ, ಮತ್ತೊಂದು ಗಣಕಯಂತ್ರದಲ್ಲಿ ತೆರೆದು ಓದಿ ನೋಡುವುದು.
5. ಮೂಲ ಕಡತದ ಪ್ರತಿಯನ್ನು ಬೇರೊಂದು ಸ್ಥಳದಲ್ಲಿ, ನೀರು ತಲುಪದ ಎತ್ತರದಲ್ಲಿ ಇರಿಸುವುದು.

ಎಚ್ಚರಿಕೆಗಳು

ಕನ್ನಡ ವಿವರಣೆಯನ್ನು ಯೂನಿಕೋಡ್‌ನಲ್ಲಿಯೇ ಬೆರಳಚ್ಚಿಸಬೇಕು. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನ ಬರಹ ಕಡತದೊಳಗೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಅಡಕ ಮಾಹಿತಿ ಅಳಿಸಿಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಉಳಿಯುತ್ತದೆ. ಪರಿಹಾರ ಕೇಂದ್ರದಲ್ಲಿದ್ದ ಕುಟುಂಬಗಳ ಹೆಸರು, ಮನೆಯ ಜಿಪಿಎಸ್ ನಿರ್ದೇಶಾಂಕಗಳನ್ನು ಅವರ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಪ್ರತಿಯಲ್ಲಿ ಸೇರಿಸಬಾರದು. ಸಂಕಟದಲ್ಲಿದ್ದವರ ಮಾನವೂ ದಾಖಲೆಯಷ್ಟೇ ಮುಖ್ಯ.

ಸದಸ್ಯರ ಪಾತ್ರ

ತಂತ್ರಾಂಶದ ಕೆಲಸವನ್ನು ಸಿಬ್ಬಂದಿ ಮಾಡಬಲ್ಲರು. ಚಿತ್ರದಲ್ಲಿರುವ ಬೇವಿನ ಮರ ಯಾವ ಕಟ್ಟೆಯದೆಂದು ವಾರ್ಡಿನ ಸದಸ್ಯರೇ ಬಲ್ಲರು. ಅರಿವು ಕೇಂದ್ರದಲ್ಲಿ ಚಿತ್ರಗಳನ್ನು ತೋರಿಸಿ, ಹಿರಿಯರನ್ನು ಕೂಡಿಸಿ ಗುರುತಿಸುವ ಕಾರ್ಯಕ್ಕೆ ಸದಸ್ಯರು ಮುಂದಾಗುವುದು. ಇಬ್ಬರ ಹೇಳಿಕೆ ಭಿನ್ನವಾದರೆ ಎರಡನ್ನೂ ದಾಖಲಿಸುವುದು.

ಅಭ್ಯಾಸ

ತಮ್ಮ ವಾರ್ಡಿನ ಒಂದು ಪ್ರವಾಹದ ಚಿತ್ರವನ್ನು ಆಯ್ದು ಮೇಲಿನ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಉತ್ತರ ದೊರೆಯದ ಪ್ರಶ್ನೆ ಯಾವುದು, ಅದನ್ನು ಯಾರಲ್ಲಿ ಕೇಳಬೇಕು ಎಂಬುದನ್ನೂ ಗುರುತಿಸಿರಿ.