ಕಂಠದ ನರ

ದನಿಯನ್ನೇ ಬಂಡವಾಳ ಮಾಡಿಕೊಂಡು ಬದುಕುವವರು ನಮ್ಮ ನಡುವೆ ಅನೇಕರಿದ್ದಾರೆ. ನಮ್ಮ ಮಹಾಲಕ್ಷ್ಮಿ ಲೇಔಟಿನಲ್ಲಿಯೇ ನೋಡಿದರೆ, ಸೊಪ್ಪು ಮಾರುವವರು, ಪ್ರಸನ್ನ ವೀರಾಂಜನೇಯ ಸ್ವಾಮಿಯ ಗುಡಿಯ ಅರ್ಚಕರು, ಮನೆಯಲ್ಲಿ ಸಂಗೀತ ಹೇಳಿಕೊಡುವವರು, ಶಾಲೆಯ ಉಪಾಧ್ಯಾಯರು, ಇವರೆಲ್ಲರಿಗೂ ದನಿಯೇ ಅನ್ನ. ಇಂಥವರಿಗೆ ಗಳಗಂಡವಾಗಿ ಥೈರಾಯಿಡ್ ಗ್ರಂಥಿಯನ್ನು ತೆಗೆಯಬೇಕಾಗಿ ಬಂದರೆ ದನಿಯ ಗತಿಯೇನು? ನಮ್ಮ ಮನೆಯಲ್ಲಿ ಒದಗಿದ ಒಂದು ಸಂದರ್ಭದಿಂದ ಈ ವಿಷಯವನ್ನು ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡೆ. ಅದನ್ನು ಕಲಾ ವಿಭಾಗದ ಸಹಪಾಠಿಗಳ ಮುಂದಿಡುತ್ತೇನೆ.

ಗಂಟಲಿಗೆ ಚಿಕಿತ್ಸೆಯಾದರೆ ದನಿ ಬದಲಾದೀತೆಂಬ ಭಯ ನಿರಾಧಾರವಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ (1913–2009) ಕಂಠ ಮೊದಲು ತೆಳುವಾಗಿದ್ದು, ಟಾನ್ಸಿಲ್ ಚಿಕಿತ್ಸೆಯ ತರುವಾಯ ಗಂಡುದನಿಯಂತೆ ಗಂಭೀರವಾಯಿತು. ಆ ದನಿಯನ್ನೇ ಸಾಧನೆಯಿಂದ ಒಲಿಸಿಕೊಂಡು ಅವರು ಕಿರಾಣಾ ಘರಾಣೆಯ ಹಿರಿಯ ಗಾಯಕಿಯಾದರು. ಆದರೆ ಟಾನ್ಸಿಲ್ ಇರುವುದು ಬಾಯಿಯ ಹಿಂಭಾಗದಲ್ಲಿ. ಥೈರಾಯಿಡ್ ಶಸ್ತ್ರಚಿಕಿತ್ಸೆಯಲ್ಲಿ ಅಂಜಬೇಕಾದುದು ಅದಕ್ಕೂ ಕೆಳಗಿರುವ ಒಂದು ನರಕ್ಕಾಗಿ.

ಧ್ವನಿಪೆಟ್ಟಿಗೆಯೊಳಗೆ ಎರಡು ಧ್ವನಿತಂತುಗಳಿವೆ. ಉಸಿರಾಡುವಾಗ ಅವು ಅಗಲುತ್ತವೆ, ಮಾತನಾಡುವಾಗ ಕೂಡುತ್ತವೆ. ಅವುಗಳನ್ನು ಆಡಿಸುವ ನರ ಎರಡೂ ಕಡೆ ಒಂದೊಂದಿದೆ. ಅದು ಮಿದುಳಿನಿಂದ ನೇರವಾಗಿ ಅಲ್ಲಿಗೆ ಬರುವುದಿಲ್ಲ. ವೇಗಸ್ ಎಂಬ ನರದೊಡನೆ ಕೆಳಗಿಳಿದು, ಎಡಗಡೆಯದು ಎದೆಯೊಳಗಿನ ಮಹಾಪಧಮನಿಯನ್ನೂ, ಬಲಗಡೆಯದು ತೋಳಿಗೆ ಹೋಗುವ ರಕ್ತನಾಳವನ್ನೂ ಬಳಸಿಕೊಂಡು ಮತ್ತೆ ಮೇಲೇರುತ್ತದೆ. ಏರುವ ದಾರಿಯಲ್ಲಿ ಥೈರಾಯಿಡ್ ಗ್ರಂಥಿಯ ಬೆನ್ನಿಗೆ ಒತ್ತಿಕೊಂಡೇ ಸಾಗುತ್ತದೆ. ಅರಚುತ್ತಿರುವ ಹಂದಿಯ ಕೊರಳಿನಲ್ಲಿ ಈ ನರಗಳನ್ನು ಕತ್ತರಿಸಿದರೆ ಅರಚಾಟ ನಿಲ್ಲುವುದೆಂದು ಗ್ಯಾಲನ್ ಎಂಬ ಗ್ರೀಕ್ ವೈದ್ಯನು ಎರಡನೆಯ ಶತಮಾನದಲ್ಲಿಯೇ ತೋರಿಸಿದ್ದನು.

ಒಂದು ನರ ಕೆಟ್ಟರೆ ದನಿ ಒಡೆಯುತ್ತದೆ. ಕುಡಿದ ನೀರು ನೆತ್ತಿಗೇರುತ್ತದೆ. ಎರಡೂ ಕೆಟ್ಟರೆ ತಂತುಗಳು ಅಗಲಲಾರದೆ ಉಸಿರಿಗೇ ಸಂಚಕಾರ ಬರುತ್ತದೆ. ಆದ್ದರಿಂದ ನರವನ್ನು ಬಿಡಿಸಿ, ಕಣ್ಣಾರೆ ಕಂಡು ಮುಂದುವರಿಯಬೇಕೆಂದು ಅಮೆರಿಕದ ಫ್ರ್ಯಾಂಕ್ ಲೇಹಿ 1938ರಲ್ಲಿ ಪ್ರತಿಪಾದಿಸಿದನು. ಇಂದಿಗೂ ಅದೇ ಮೂಲಸೂತ್ರ. ಆದರೆ ನೋಡಲು ಇಡಿಯಾಗಿರುವ ನರವೂ ಎಳೆತಕ್ಕೆ ಸಿಕ್ಕಿ ಕೆಲಸ ನಿಲ್ಲಿಸಿರಬಹುದು. ಅದನ್ನು ಕಣ್ಣು ಹೇಳಲಾರದು, ಯಂತ್ರ ಹೇಳಬಲ್ಲುದು.

ಅದರ ಕ್ರಮ ಹೀಗಿದೆ. ಅರಿವಳಿಕೆ ಕೊಟ್ಟು ಶ್ವಾಸನಾಳಕ್ಕೆ ಇಳಿಸುವ ಕೊಳವೆಯ ಮೇಲೆ ವಿದ್ಯುದ್ವಾರಗಳಿದ್ದು, ಅವು ಧ್ವನಿತಂತುಗಳಿಗೆ ತಾಗಿರುತ್ತವೆ. ಶಸ್ತ್ರವೈದ್ಯರು ಕಡ್ಡಿಯಂಥ ಸಲಾಕೆಯಿಂದ ನರವನ್ನು ಮುಟ್ಟಿ, ಸುಮಾರು 1 ಮಿಲಿಆಂಪಿಯರ್ ವಿದ್ಯುತ್ತನ್ನು ಹಾಯಿಸುತ್ತಾರೆ. ನರ ಸರಿಯಾಗಿದ್ದರೆ ಸ್ನಾಯು ಮಿಡಿದು, ಪರದೆಯ ಮೇಲೆ ಅಲೆಯೇಳುತ್ತದೆ. ಮೊದಲು ಚೆನ್ನಾಗಿದ್ದ ಅಲೆ 100 ಮೈಕ್ರೋವೋಲ್ಟಿಗಿಂತ ಕೆಳಗಿಳಿದರೆ ಸಂಕೇತ ತಪ್ಪಿತೆಂದು ಎಣಿಸುತ್ತಾರೆ. ಕೊಳವೆ ಜರುಗಿದ್ದರೂ, ಸ್ನಾಯು ಸಡಿಲಿಸುವ ಮದ್ದಿನ ಪ್ರಭಾವ ಉಳಿದಿದ್ದರೂ ಅಲೆ ತಗ್ಗುವುದರಿಂದ, ಅವನ್ನೂ ಪರೀಕ್ಷಿಸಿಯೇ ನಿರ್ಧರಿಸಬೇಕು.

ಹಾಗಾದರೆ ಯಂತ್ರ ನರವನ್ನು ಕಾಪಾಡುವುದೇ? ಹಾಗೆನ್ನಲಾಗದು. ಕಣ್ಣಿನಿಂದ ಕಂಡು ಮಾಡುವುದಕ್ಕಿಂತ ಯಂತ್ರದ ನೆರವು ಮೇಲೆಂದು ಹೇಳಲು 2019ರ ಕಾಕ್ರೇನ್ ಪರಿಶೀಲನೆಗೆ ಸಾಕಷ್ಟು ಆಧಾರ ದೊರೆಯಲಿಲ್ಲ. ಯಂತ್ರದ ನಿಜವಾದ ಉಪಕಾರ, ಎಲ್ಲಿ ನಿಲ್ಲಿಸಬೇಕೆಂದು ತಿಳಿಸುವುದರಲ್ಲಿದೆ. ಉಪಾಧ್ಯಾಯಿನಿಯಾದ ನನ್ನ ಅತ್ತಿಗೆಯವರಿಗೆ ಎಡಭಾಗ ಮುಗಿದಾಗ ಅಲೆಯೇಳಲಿಲ್ಲ. ವೈದ್ಯರು ಬಲಭಾಗವನ್ನು ಮುಟ್ಟದೆ ಅಲ್ಲಿಗೇ ನಿಲ್ಲಿಸಿದರು. ಮತ್ತೊಮ್ಮೆ ಅರಿವಳಿಕೆ, ಮತ್ತೊಮ್ಮೆ ಖರ್ಚು ಎಂದು ಮನೆಯವರೆಲ್ಲ ಅಂದು ಪೇಚಾಡಿದೆವು. ಎರಡು ತಿಂಗಳು ಪಿಸುದನಿಯಲ್ಲಿದ್ದ ಅವರ ಕಂಠ ಮೂರನೆಯ ತಿಂಗಳು ಮರಳಿತು. ಬಲಭಾಗದ ಚಿಕಿತ್ಸೆ ಆಮೇಲೆ ನಡೆಯಿತು. ಅಂದು ಎರಡೂ ನರಗಳು ಒಟ್ಟಿಗೆ ಸುಮ್ಮನಾಗಿದ್ದರೆ ನಷ್ಟ ದನಿಗೆ ಮಾತ್ರ ಸೀಮಿತವಾಗುತ್ತಿರಲಿಲ್ಲ.

ಆದುದರಿಂದ ಇಂಥ ಚಿಕಿತ್ಸೆಗೆ ಹೋಗುವವರು ವೈದ್ಯರನ್ನು ಮೂರು ಮಾತು ಕೇಳುವುದು ಯುಕ್ತ: ಧ್ವನಿತಂತುಗಳ ಚಲನೆಯನ್ನು ಮೊದಲೇ ಪರೀಕ್ಷಿಸುವಿರಾ? ನರವನ್ನು ಕಂಡೇ ಮುಂದುವರಿಯುವಿರಾ? ಒಂದು ಕಡೆ ಸಂಕೇತ ತಪ್ಪಿದರೆ ನಿಲ್ಲಿಸುವಿರಾ? ಕೊನೆಯ ಪ್ರಶ್ನೆಗೆ "ನಿಲ್ಲಿಸುವೆ" ಎನ್ನುವ ವೈದ್ಯರನ್ನು ಧೈರ್ಯವಾಗಿ ನಂಬಬಹುದೆಂದು ನನ್ನ ಭಾವನೆ.