ಮಣ್ಣಿನ ತೇವ ತಿಳಿಸುವ ಪುಟ್ಟ ಸಾಧನ



ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಸೀಮೆಯಲ್ಲಿ ಕೊಳವೆ ಬಾವಿಯ ಪ್ರತಿ ಹನಿಗೂ ಬೆಲೆಯುಂಟು. ಆದರೂ ನಾವು ತೋಟಕ್ಕೆ ನೀರು ಬಿಡುವುದು ಬಹುಮಟ್ಟಿಗೆ ಕರೆಂಟು ಬಂದ ಹೊತ್ತು ನೋಡಿ. ಬೇರಿಗೆ ನೀರು ಬೇಕೇ ಎಂದು ನೋಡಿ ಅಲ್ಲ. ಮೇಲ್ಮಣ್ಣು ಒಣಗಿದ್ದರೂ ಒಂದು ಅಡಿ ಕೆಳಗೆ ಹದವಾದ ತೇವವಿರಬಹುದು. ಈ ಒಳಗಿನ ಸ್ಥಿತಿಯನ್ನು ತಿಳಿಸುವ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಗಣಕ ಸಾಧನಗಳು ಈಗ ದೊರೆಯುತ್ತವೆ.

ನಮ್ಮ ಸೀಮೆಯಲ್ಲಿ ನಡೆದ ಪ್ರಯೋಗ

2000ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಸರ್ಲೆಂಡಿನ ಲೋಸಾನ್ ತಾಂತ್ರಿಕ ಸಂಸ್ಥೆಗಳು ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಇಂತಹ ಪ್ರಯೋಗ ನಡೆಸಿದವು. ಹೊಲದಲ್ಲಿಟ್ಟ ಪುಟ್ಟ ಪೆಟ್ಟಿಗೆಗಳು ಮಣ್ಣಿನ ತೇವ, ಉಷ್ಣತೆ ಮೊದಲಾದವುಗಳನ್ನು ಅಳೆದು ರೇಡಿಯೋ ಮೂಲಕ ಕಳುಹಿಸುತ್ತಿದ್ದವು. ಮಳೆಯಾಶ್ರಿತ ಬೇಸಾಯದ ಬಡ ರೈತನಿಗೆ ನಿರ್ಧಾರ ಕೈಗೊಳ್ಳಲು ನೆರವಾಗುವುದೇ ಅದರ ಉದ್ದೇಶ.

ಕೊಯಮತ್ತೂರಿನ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆಯ ತೇವಾಂಶ ಸೂಚಕ ಇನ್ನೂ ಸರಳ. ಇದನ್ನು ಮಣ್ಣಿಗೆ ಚುಚ್ಚಿದರೆ ದೀಪ ಹತ್ತುತ್ತದೆ. ನೀಲಿ ದೀಪಕ್ಕೆ ತೇವ ಧಾರಾಳ, ಹಸಿರಿಗೆ ಸಾಕಷ್ಟು, ಕಿತ್ತಳೆಗೆ ಕಡಿಮೆ, ಕೆಂಪಿಗೆ ಕೂಡಲೇ ನೀರು ಕೊಡಬೇಕು ಎಂದು ಅರ್ಥ. ಓದು ಬಾರದವರೂ ಬಳಸಬಹುದು.

ಕೆಲಸ ಮಾಡುವ ರೀತಿ

ಇಂತಹ ಸಾಧನಗಳಲ್ಲಿ ಎರಡು ಬಗೆ. ಎರಡು ಲೋಹದ ಕಡ್ಡಿಗಳ ನಡುವೆ ವಿದ್ಯುತ್ ಹರಿಸಿ ಅಳೆಯುವುದು ಮೊದಲನೆಯದು. ಇದು ಅಗ್ಗ, ಆದರೆ ಕಡ್ಡಿಗಳು ಬೇಗ ಸವೆಯುತ್ತವೆ, ಗೊಬ್ಬರ ಅಥವಾ ಉಪ್ಪಿನಂಶ ಹೆಚ್ಚಿದ್ದರೆ ಒಣ ಮಣ್ಣನ್ನೂ ಹಸಿಯೆಂದು ತೋರಿಸಬಹುದು. ಎರಡನೆಯದು ಮಣ್ಣು ವಿದ್ಯುತ್ತನ್ನು ಹಿಡಿದಿಡುವ ಗುಣವನ್ನು ಅಳೆಯುತ್ತದೆ. ನೀರಿಗೆ ಈ ಗುಣ ಒಣ ಮಣ್ಣಿಗಿಂತ ಹಲವು ಪಟ್ಟು ಹೆಚ್ಚು. ಹೆಚ್ಚು ಬಾಳಿಕೆ ಬರುವುದರಿಂದ ಇದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಬಳಸುವ ಕ್ರಮ

1. ಬೇರು ಹರಡಿರುವ ಆಳದಲ್ಲಿ ಅಳೆಯಿರಿ. ಅಡಿಕೆಗೆ ಸುಮಾರು 30 ಸೆಂ.ಮೀ., ಎಳೆಯ ತರಕಾರಿಗೆ 10-15 ಸೆಂ.ಮೀ. ಸಾಕು.

2. ಹನಿ ಕೊಳವೆಯ ರಂಧ್ರದ ನೇರ ಕೆಳಗೆ ಚುಚ್ಚಬೇಡಿ. ಅಲ್ಲಿ ಸದಾ ಹಸಿಯಿರುತ್ತದೆ.

3. ಕಡ್ಡಿಗೆ ಮಣ್ಣು ಬಿಗಿಯಾಗಿ ತಾಗಿರಬೇಕು. ಗರಸು ಭೂಮಿಯಲ್ಲಿ ನಡುವೆ ಗಾಳಿ ಉಳಿದರೆ ಹಸಿ ಮಣ್ಣೂ ಒಣಗಿದಂತೆ ತೋರುತ್ತದೆ.

4. ಒಂದೇ ಕಡೆ ನೋಡಿ ತೀರ್ಮಾನಿಸದೆ, ತೋಟದ ನಾಲ್ಕೈದು ಕಡೆ ಅಳೆಯಿರಿ.

ನಿಮ್ಮ ಮಣ್ಣಿಗೆ ಹೊಂದಿಸಿ

ಕೆಂಪು ಮರಳುಮಿಶ್ರಿತ ಮಣ್ಣಿಗೂ ಕೆರೆ ಅಂಗಳದ ಜಿಗುಟು ಮಣ್ಣಿಗೂ ಅಂಕೆ ಒಂದೇ ಆಗಿರದು. ಆದುದರಿಂದ ಅಂಕೆ ತೋರಿಸುವ ಸಾಧನವಾದರೆ, ಚೆನ್ನಾಗಿ ಮಳೆಯಾಗಿ ಒಂದೆರಡು ದಿನ ಕಳೆದ ಮೇಲೆ ಅಳೆದು ಬರೆದಿಡಿ. ಮುಂದೆ, ಅದೇ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿದಾಗ ಉಂಡೆ ಕಟ್ಟದೆ ಉದುರತೊಡಗಿದ ದಿನ ಮತ್ತೊಮ್ಮೆ ಅಳೆಯಿರಿ. ಅಂಕೆ ಈ ಎರಡನೆಯದನ್ನು ಮುಟ್ಟುವ ಮುನ್ನವೇ ನೀರು ಕೊಡಿ. ಕೆಲವು ಸಾಧನಗಳಲ್ಲಿ ಒಣ ಮಣ್ಣಿಗೇ ದೊಡ್ಡ ಅಂಕೆ ಬರುವುದೆಂಬುದನ್ನು ಮರೆಯದಿರಿ.

ನೆಲಗಡಲೆಯು ಹೂವಾಡಿ ಊಡು ಇಳಿಯುವಾಗ ಮತ್ತು ಕಾಯಿ ತುಂಬುವಾಗ ತೇವ ಕೊರೆಯಾದರೆ ಇಳುವರಿ ಕುಗ್ಗುತ್ತದೆ. ಉಳಿಸಿದ ನೀರನ್ನು ಇಂತಹ ಹೊತ್ತಿಗೆ ಕಾದಿರಿಸಿ.

ಸಾಧನವು ನೀರನ್ನು ಹುಟ್ಟಿಸಲಾರದು. ಬೇಡದ ದಿನ ಮೋಟಾರು ಹಾಕದಂತೆ ಎಚ್ಚರಿಸಬಲ್ಲದು. ಕೊಳ್ಳುವ ಮೊದಲು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಸಾಧ್ಯವಾದರೆ ನಿಮ್ಮ ಮಣ್ಣಿನಲ್ಲೇ ಚುಚ್ಚಿ ನೋಡಿ.